ವಾರ್ಡಿನ ಪಕ್ಕದಲ್ಲೇ ಪ್ರಯೋಗಾಲಯ: ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆ ನಡೆದುಬಂದ ಹಾದಿ

1962ರ ಫೆಬ್ರವರಿ 4ರಂದು ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್ ನಗರದಲ್ಲಿ ಸೇಂಟ್ ಜೂಡ್ ಮಕ್ಕಳ ಸಂಶೋಧನಾ ಆಸ್ಪತ್ರೆ ಬಾಗಿಲು ತೆರೆಯಿತು. ಉದ್ಘಾಟನೆಗೆ ಸುಮಾರು 9,000 ಮಂದಿ ಸೇರಿದ್ದರು. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸುವುದು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲುಕೇಮಿಯಾ. ಎಲುಬಿನ ಮಜ್ಜೆಯಲ್ಲಿ ಬಿಳಿ ರಕ್ತಕಣಗಳು ಬಲಿಯುವ ಮೊದಲೇ ಮಿತಿಮೀರಿ ಹೆಚ್ಚುತ್ತ ಹೋಗುವ ರಕ್ತದ ಕ್ಯಾನ್ಸರ್ ಅದು. ಆ ವರ್ಷ ಈ ರೋಗಕ್ಕೆ ತುತ್ತಾದ ನೂರು ಮಕ್ಕಳಲ್ಲಿ ಬದುಕುಳಿಯುತ್ತಿದ್ದವರು ನಾಲ್ಕೇ ಮಂದಿ. ಇಂದು ಅದೇ ಆಸ್ಪತ್ರೆಯಲ್ಲಿ ಅದೇ ರೋಗದಿಂದ ಗುಣವಾಗುವವರು ನೂರಕ್ಕೆ 94.

ಇದನ್ನು ಯಾವುದೋ ಒಂದು ಪವಾಡದ ಔಷಧಿಯ ಲೆಕ್ಕಕ್ಕೆ ಬರೆಯಲಾಗದು. ಮೊದಲ ದೊಡ್ಡ ಗೆಲುವು ಸಿಕ್ಕಿದ 1960ರ ದಶಕದ ಕೊನೆಯಲ್ಲಿ ಬಳಸಿದ ಔಷಧಿಗಳೆಲ್ಲ ಅಮೆರಿಕದ ಬೇರೆ ಆಸ್ಪತ್ರೆಗಳಲ್ಲೂ ಇದ್ದವು. ಸೇಂಟ್ ಜೂಡ್‌ನಲ್ಲಿ ಇದ್ದದ್ದು ಬೇರೆಯೇ ಒಂದು ಏರ್ಪಾಡು: ರೋಗಿಯ ಹಾಸಿಗೆಯೂ ವಿಜ್ಞಾನಿಯ ಸೂಕ್ಷ್ಮದರ್ಶಕವೂ ಒಂದೇ ಸೂರಿನಡಿ ಇರಬೇಕು, ಯಾವ ಮಗುವಿಗೂ ದುಡ್ಡಿನ ಕಾರಣಕ್ಕೆ ಚಿಕಿತ್ಸೆ ತಪ್ಪಬಾರದು, ಮೈಬಣ್ಣ ನೋಡಿ ಯಾರನ್ನೂ ಬೇರೆ ಕೂರಿಸಬಾರದು. ಈ ಮೂರೂ ತೀರ್ಮಾನಗಳು ಚಿಕಿತ್ಸೆಯ ಭಾಗವೇ ಆಗಿದ್ದವು ಎಂಬುದನ್ನು ಸಂಸ್ಥೆಯ ಆರು ದಶಕಗಳ ಚರಿತ್ರೆ ತೋರಿಸುತ್ತದೆ.

ಹರಕೆ ಹೊತ್ತ ಹಾಸ್ಯನಟ

ಆಸ್ಪತ್ರೆಯನ್ನು ಕಟ್ಟಿಸಿದ ಡ್ಯಾನಿ ಥಾಮಸ್ ವೈದ್ಯರಲ್ಲ, ಹಾಸ್ಯನಟ. ಲೆಬನಾನಿನಿಂದ ವಲಸೆ ಬಂದ ಬಡ ದಂಪತಿಗೆ 1912ರಲ್ಲಿ ಮಿಷಿಗನ್ ರಾಜ್ಯದಲ್ಲಿ ಹುಟ್ಟಿದವರು. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಡೆಟ್ರಾಯಿಟ್‌ನ ಚರ್ಚೊಂದರಲ್ಲಿ ತಮ್ಮಲ್ಲಿದ್ದ ಕೊನೆಯ 7 ಡಾಲರ್‌ಗಳನ್ನು ಕಾಣಿಕೆ ಹಾಕಿ, ಕೈಬಿಟ್ಟುಹೋದವರ ಪಾಲಿನ ಸಂತನೆನಿಸಿದ ಜೂಡ್ ತದ್ದೇಯುಸನಿಗೆ ಹರಕೆ ಹೊತ್ತ ಕಥೆಯನ್ನು ಅವರು ಮುಂದೆ ಅನೇಕ ಸಲ ಹೇಳಿಕೊಂಡರು. ಬದುಕಿನ ದಾರಿ ತೋರಿಸಿದರೆ ನಿನಗೊಂದು ಗುಡಿ ಕಟ್ಟಿಸುತ್ತೇನೆ ಎಂಬುದು ಆ ಹರಕೆ. 1950ರ ದಶಕದಲ್ಲಿ ‘ಮೇಕ್ ರೂಮ್ ಫಾರ್ ಡ್ಯಾಡಿ’ ಟಿವಿ ಧಾರಾವಾಹಿಯಿಂದ ಅವರು ಮನೆಮಾತಾದರು. ಹರಕೆ ತೀರಿಸುವ ಕಾಲ ಬಂದಿತ್ತು.

ಗುಡಿಯ ಬದಲು ಮಕ್ಕಳ ಆಸ್ಪತ್ರೆ ಕಟ್ಟಿಸುವ ಆಲೋಚನೆ ಷಿಕಾಗೊದ ಕಾರ್ಡಿನಲ್ ಸ್ಯಾಮ್ಯುಯೆಲ್ ಸ್ಟ್ರಿಚ್ ಅವರೊಂದಿಗಿನ ಮಾತುಕತೆಯಲ್ಲಿ ಬಲಿಯಿತು. ಸ್ಟ್ರಿಚ್ ಟೆನೆಸಿಯವರು. ಮೆಂಫಿಸ್‌ನಲ್ಲಿ ಪಾದ್ರಿಯಾಗಿ ಕೆಲಸ ಮಾಡಿದ್ದವರು ಆ ಊರನ್ನೇ ಸೂಚಿಸಿದರು. ಮೆಂಫಿಸ್‌ನಲ್ಲಿ ಟೆನೆಸಿ ವಿಶ್ವವಿದ್ಯಾಲಯದ ರಕ್ತರೋಗ ತಜ್ಞ ಡಾ. ಲೆಮ್ಯುಯೆಲ್ ಡಿಗ್ಸ್ ಇದ್ದರು. 1938ರಲ್ಲೇ ಅಲ್ಲಿ ರಕ್ತನಿಧಿ ಆರಂಭಿಸಿ, ಸಿಕಲ್ ಸೆಲ್ ರಕ್ತಹೀನತೆಯ ಅಧ್ಯಯನದಲ್ಲಿ ಹೆಸರು ಮಾಡಿದ್ದರು. ಬಡವರ ಮಕ್ಕಳಿಗೊಂದು ಸಾಮಾನ್ಯ ಆಸ್ಪತ್ರೆ ಸಾಲದು, ಯಾರಿಗೂ ಗುಣಪಡಿಸಲಾಗದ ರೋಗಗಳನ್ನೇ ಕೈಗೆತ್ತಿಕೊಂಡು ಸಂಶೋಧನೆ ನಡೆಸುವ ಜಾಗ ಬೇಕು ಎಂದು ಥಾಮಸ್‌ಗೆ ಮನಗಾಣಿಸಿದವರಲ್ಲಿ ಅವರು ಮುಖ್ಯರು.

ಕಟ್ಟಡದ ನಕ್ಷೆ ಬರೆದವರು ಲಾಸ್ ಏಂಜಲಿಸ್‌ನ ಪಾಲ್ ವಿಲಿಯಮ್ಸ್. ಅಮೆರಿಕದ ವಾಸ್ತುಶಿಲ್ಪಿಗಳ ಸಂಘಕ್ಕೆ ಸೇರಿದ ಮೊದಲ ಕರಿಯ ವಾಸ್ತುಶಿಲ್ಪಿ ಅವರು. ಒಂದು ಪೈಸೆಯನ್ನೂ ಪಡೆಯದೆ ನಕ್ಷತ್ರದಾಕಾರದ ಕಟ್ಟಡವನ್ನು ಅವರು ರೂಪಿಸಿಕೊಟ್ಟರು.

ಕಟ್ಟಿಸುವುದಕ್ಕಿಂತ ನಡೆಸುವುದು ಕಷ್ಟ ಎಂಬುದು ಥಾಮಸ್‌ಗೆ ಗೊತ್ತಿತ್ತು. ಅದಕ್ಕಾಗಿ ಅವರು ತಮ್ಮವರ ಮುಂದೆಯೇ ಕೈಚಾಚಿದರು. ಲೆಬನಾನ್, ಸಿರಿಯಾಗಳಿಂದ ಬಂದು ಅಮೆರಿಕದಲ್ಲಿ ನೆಲೆ ಕಂಡ ಕುಟುಂಬಗಳ ನೂರರಷ್ಟು ಪ್ರತಿನಿಧಿಗಳು 1957ರಲ್ಲಿ ಷಿಕಾಗೊದಲ್ಲಿ ಸೇರಿ, ಆಸ್ಪತ್ರೆಗೆ ಹಣ ಕೂಡಿಸುವುದೊಂದನ್ನೇ ಕೆಲಸವಾಗಿಸಿಕೊಂಡ ‘ಅಲ್ಸ್ಯಾಕ್’ ಸಂಸ್ಥೆಯನ್ನು ಹುಟ್ಟುಹಾಕಿದರು. ತಂದೆತಾಯಿಗೆ ಆಸರೆ ಕೊಟ್ಟ ನೆಲದ ಋಣ ತೀರಿಸೋಣ ಎಂಬುದು ಅವರ ಮನಸ್ಸಿನಲ್ಲಿದ್ದ ಮಾತು. ಇಂದಿಗೂ ಆಸ್ಪತ್ರೆಯ ಖರ್ಚಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬರುವುದು ದಾನಿಗಳಿಂದ, ಅವರಲ್ಲಿ ಬಹುಮಂದಿ ತಿಂಗಳಿಗಿಷ್ಟು ಎಂದು ಚಿಕ್ಕ ಮೊತ್ತ ಕಳಿಸುವವರು. ಚಿಕಿತ್ಸೆಗೆ, ಪ್ರಯಾಣಕ್ಕೆ, ವಸತಿಗೆ, ಊಟಕ್ಕೆ ಯಾವ ಕುಟುಂಬಕ್ಕೂ ಆಸ್ಪತ್ರೆ ಬಿಲ್ ಕಳಿಸುವುದಿಲ್ಲ.

ಬಾಸ್ಟನ್‌ನಲ್ಲಿ ಬೆಳಗಿದ ಆಸೆ

ಆಸ್ಪತ್ರೆ ತೆರೆಯುವ ವೇಳೆಗೆ ಮಕ್ಕಳ ಲುಕೇಮಿಯಾಕ್ಕೆ ಔಷಧಿಗಳೇ ಇರಲಿಲ್ಲವೆಂದಲ್ಲ. ಬಾಸ್ಟನ್ ಮಕ್ಕಳ ಆಸ್ಪತ್ರೆಯ ರೋಗಶಾಸ್ತ್ರಜ್ಞ ಸಿಡ್ನಿ ಫಾರ್ಬರ್ ಅಮಿನಾಪ್ಟರಿನ್ ಎಂಬ ಔಷಧಿ ಕೊಟ್ಟ 16 ಮಕ್ಕಳಲ್ಲಿ 10 ಮಕ್ಕಳು ತಾತ್ಕಾಲಿಕವಾಗಿ ಚೇತರಿಸಿಕೊಂಡದ್ದನ್ನು 1948ರಲ್ಲಿ ವರದಿ ಮಾಡಿದ್ದರು. ರಕ್ತದ ಕ್ಯಾನ್ಸರ್ ಔಷಧಿಗೆ ಮಣಿಯುತ್ತದೆ ಎಂದು ಸಾಬೀತಾದದ್ದು ಅಲ್ಲಿ. ಫಾರ್ಬರ್‌ಗೆ ಆ ಔಷಧಿ ಬಂದದ್ದು ಲೆಡರ್ಲೆ ಪ್ರಯೋಗಾಲಯದಿಂದ. ಅಲ್ಲಿ ಸಂಶೋಧನೆಯ ನೇತೃತ್ವ ವಹಿಸಿದ್ದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ವರ್ಷದ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಅಮಿನಾಪ್ಟರಿನ್‌ನ ಒಡಹುಟ್ಟು ಮೆಥೊಟ್ರೆಕ್ಸೇಟ್ ಇಂದಿಗೂ ಮಕ್ಕಳ ಲುಕೇಮಿಯಾ ಚಿಕಿತ್ಸೆಯ ಬೆನ್ನೆಲುಬು.

1953ರಲ್ಲಿ ಜಾರ್ಜ್ ಹಿಚಿಂಗ್ಸ್ ಮತ್ತು ಗರ್ಟ್ರೂಡ್ ಎಲಿಯನ್ ರೂಪಿಸಿದ 6-ಮರ್ಕ್ಯಾಪ್ಟೊಪ್ಯೂರಿನ್ ಬಳಕೆಗೆ ಬಂತು. ಸ್ಟೆರಾಯ್ಡ್‌ಗಳು ಬಂದವು. ನಮ್ಮ ಅಂಗಳಗಳಲ್ಲಿ ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪದ ಗಿಡದಿಂದ ತೆಗೆದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅನುಮತಿ ಸಿಕ್ಕಿತು. ಒಂದೊಂದು ಔಷಧಿಯೂ ರೋಗವನ್ನು ಕೆಲವು ತಿಂಗಳು ತಡೆಯುತ್ತಿತ್ತು, ಆಮೇಲೆ ಅದು ಮರಳುತ್ತಿತ್ತು. ಮಗು ಮನೆಗೆ ಹೋಗಿ, ಆಟವಾಡಿ, ಮತ್ತೆ ಜ್ವರದಲ್ಲಿ ಆಸ್ಪತ್ರೆಗೆ ಬಂದು ತೀರಿಕೊಳ್ಳುವುದನ್ನು ನೋಡಿ ನೋಡಿ, ಈ ರೋಗದ ಮಕ್ಕಳನ್ನು ಹೆಚ್ಚು ಕಾಡಿಸದಿರುವುದೇ ಕರುಣೆ ಎಂದು ಅನೇಕ ವೈದ್ಯರು ನಂಬಿದ್ದರು. ‘ಗುಣ’ ಎಂಬ ಮಾತನ್ನು ಆಡುವ ಧೈರ್ಯ ಯಾರಿಗೂ ಇರಲಿಲ್ಲ.

ಪಿಂಕೆಲ್ ಹಾಕಿದ ಕಟ್ಟಳೆಗಳು

ಆ ಮಾತನ್ನು ಆಡಿದವರು ಡೊನಾಲ್ಡ್ ಪಿಂಕೆಲ್. ಆಸ್ಪತ್ರೆಯ ಮೊದಲ ನಿರ್ದೇಶಕರಾಗಿ ನೇಮಕವಾದಾಗ ಅವರಿಗೆ 34 ವರ್ಷ. ಅದಕ್ಕೂ ಮೊದಲು ಸೇನೆಯಲ್ಲಿ ವೈದ್ಯರಾಗಿದ್ದಾಗ ಪೋಲಿಯೊ ತಗುಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರು. ಚೇತರಿಸಿಕೊಂಡ ಬಳಿಕ ಫಾರ್ಬರ್ ಜೊತೆ ಕೆಲಸ ಮಾಡಿ, ಬಫಲೊ ನಗರದ ರೋಸ್‌ವೆಲ್ ಪಾರ್ಕ್ ಸಂಸ್ಥೆಯಲ್ಲಿ ಮಕ್ಕಳ ವಿಭಾಗ ನಡೆಸುತ್ತಿದ್ದರು. ಇನ್ನೂ ಕಟ್ಟಡವೇ ಮುಗಿಯದ, ಒಬ್ಬ ಸಿನಿಮಾ ನಟನ ಹರಕೆಯಿಂದ ಹುಟ್ಟಿದ ಆಸ್ಪತ್ರೆಗೆ ಹೋಗಬೇಡ ಎಂದು ಹಿತೈಷಿಗಳು ಬುದ್ಧಿ ಹೇಳಿದರು. ಪಿಂಕೆಲ್ ಕೇಳಲಿಲ್ಲ.

ಆಗಿನ ಮೆಂಫಿಸ್‌ನಲ್ಲಿ ಕರಿಯರಿಗೆ ಬೇರೆ ಶಾಲೆ, ಬೇರೆ ಶೌಚಾಲಯ, ಬೇರೆ ವಾರ್ಡು. ಸೇಂಟ್ ಜೂಡ್‌ನಲ್ಲಿ ಮಾತ್ರ ಮೊದಲ ದಿನದಿಂದಲೇ ಎಲ್ಲ ಮಕ್ಕಳೂ ಒಂದೇ ಸಾಲಿನ ಹಾಸಿಗೆಗಳಲ್ಲಿ ಮಲಗಿದರು. ಕರಿಯ ವೈದ್ಯರು, ದಾದಿಯರು, ಸಂಶೋಧಕರು ಕೆಲಸಕ್ಕೆ ಸೇರಿದರು. ಊಟದ ಮನೆ ಒಂದೇ, ಅಲ್ಲಿ ವಿಜ್ಞಾನಿ, ವೈದ್ಯ, ಕಸಗುಡಿಸುವವರು ಎಲ್ಲರೂ ಜೊತೆಗೆ ಉಣ್ಣಬೇಕು. ರೋಗಿಗಳ ಕುಟುಂಬಗಳನ್ನು ಇಳಿಸುತ್ತಿದ್ದ ಹೋಟೆಲು ಕರಿಯ ಕುಟುಂಬಗಳ ವಿಚಾರದಲ್ಲಿ ತಕರಾರು ತೆಗೆದಾಗ, ಎಲ್ಲರನ್ನೂ ಸೇರಿಸಿಕೊಳ್ಳಿ, ಇಲ್ಲವಾದರೆ ಯಾರನ್ನೂ ಕಳಿಸುವುದಿಲ್ಲ ಎಂದು ಆಸ್ಪತ್ರೆ ಖಡಾಖಂಡಿತ ಹೇಳಿತು.

ಮೆಂಫಿಸ್‌ನ ಬಡ ಬೀದಿಗಳ ಮಕ್ಕಳಲ್ಲಿ ಅಪೌಷ್ಟಿಕತೆ ಎಷ್ಟು ಆಳವಾಗಿದೆ ಎಂದು ಕಂಡ ಆಸ್ಪತ್ರೆಯ ವೈದ್ಯರು ಔಷಧಿ ಚೀಟಿಯ ಹಾಗೆಯೇ ಆಹಾರದ ಚೀಟಿ ಬರೆಯತೊಡಗಿದರು. ಹಾಲು, ಧಾನ್ಯ, ಶಿಶು ಆಹಾರ ಆ ಚೀಟಿಯ ಮೇಲೆ ಸಿಗುತ್ತಿತ್ತು. ತಾಯಂದಿರಿಗೂ ಎಳೆಯ ಮಕ್ಕಳಿಗೂ ಪೌಷ್ಟಿಕ ಆಹಾರ ಕೊಡುವ ಸರ್ಕಾರಿ ಯೋಜನೆ 1970ರ ದಶಕದಲ್ಲಿ ಅಮೆರಿಕದಾದ್ಯಂತ ಬಂದಾಗ ಅದಕ್ಕೆ ಮಾದರಿಯಾದವುಗಳಲ್ಲಿ ಮೆಂಫಿಸ್‌ನ ಈ ಪ್ರಯತ್ನವೂ ಒಂದು.

ಹಣದ ಅಡ್ಡಿ ಇಲ್ಲದ್ದರಿಂದ ವಿಜ್ಞಾನಕ್ಕೂ ಲಾಭವಾಯಿತು. ಬಡವರ ಮಗುವೂ ಶ್ರೀಮಂತರ ಮಗುವೂ ಒಂದೇ ಚಿಕಿತ್ಸಾ ಕ್ರಮಕ್ಕೆ ಸೇರಿ, ಕೊನೆಯ ಗುಳಿಗೆಯವರೆಗೂ ಉಳಿಯುತ್ತಿತ್ತು. ಪ್ರತಿ ಮಗುವಿನ ಪ್ರತಿ ಭೇಟಿಯೂ ದಾಖಲಾಗುತ್ತಿತ್ತು. ಬೆಳಿಗ್ಗೆ ವಾರ್ಡಿನಲ್ಲಿ ತೆಗೆದ ಮಜ್ಜೆಯ ಮಾದರಿ ಅದೇ ಕಟ್ಟಡದ ಪ್ರಯೋಗಾಲಯಕ್ಕೆ ಹೋಗುತ್ತಿತ್ತು. ಯಾವುದು ಫಲಿಸಿತು, ಯಾವುದು ಸೋತಿತು ಎಂಬುದನ್ನು ಹೇಳಲು ಬೇಕಾದ ಲೆಕ್ಕ ಹೀಗೆ ಕೂಡಿಬಂತು.

ಸಮಗ್ರ ಚಿಕಿತ್ಸೆ

ಒಂದು ಔಷಧಿ ಸೋತ ಮೇಲೆ ಇನ್ನೊಂದು ಕೊಡುವ ರೂಢಿಯನ್ನು ಪಿಂಕೆಲ್ ತಂಡ ಕೈಬಿಟ್ಟಿತು. ಮೊದಲ ದಿನದಿಂದಲೇ ಹಲವು ಔಷಧಿಗಳನ್ನು ಕೂಡಿಸಿ, ರೋಗ ಅಡಗಿರಬಹುದಾದ ಎಲ್ಲ ಜಾಗಗಳ ಮೇಲೂ ಒಟ್ಟಿಗೆ ದಾಳಿ ಮಾಡುವ ಈ ಕ್ರಮಕ್ಕೆ ‘ಟೋಟಲ್ ಥೆರಪಿ’ ಎಂದು ಹೆಸರಿಟ್ಟರು. ಮೊದಲ ಅಧ್ಯಯನ 1962ರಲ್ಲೇ ಶುರುವಾಯಿತು. ವಾಷಿಂಗ್ಟನ್ ಸಮೀಪದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಕ್ ನಾಲ್ಕು ಔಷಧಿಗಳನ್ನು ಒಟ್ಟಿಗೆ ಕೊಡುವ ಪ್ರಯೋಗ ನಡೆಸುತ್ತಿದ್ದ ಕಾಲವೂ ಅದೇ.

ಎಲ್ಲೆಡೆ ಎದುರಾದ ಗೋಡೆ ಮಿದುಳು. ರಕ್ತದಿಂದ ಮಿದುಳಿಗೆ ಔಷಧಿ ದಾಟದಂತೆ ತಡೆಯುವ ಸಹಜ ಏರ್ಪಾಡು ದೇಹದಲ್ಲಿದೆ. ಮಜ್ಜೆಯಲ್ಲಿ ರೋಗದ ಸುಳಿವೇ ಇಲ್ಲವೆಂದು ಹಿಗ್ಗಿದ ಮೇಲೂ ಮಿದುಳಿನ ಪೊರೆಗಳಲ್ಲಿ ಕೆಲವು ಕ್ಯಾನ್ಸರ್ ಕಣಗಳು, ಉತ್ತು ಹಸನು ಮಾಡಿದ ಹೊಲದ ಬದುವಿನಡಿ ಉಳಿದ ಗರಿಕೆ ಬೇರಿನಂತೆ, ಜೀವ ಹಿಡಿದಿರುತ್ತಿದ್ದವು. ತಲೆನೋವು, ವಾಂತಿಯಾಗಿ ರೋಗ ಮರಳಿ ಕಾಣಿಸುತ್ತಿತ್ತು. ಮೊದಲ ಅಧ್ಯಯನಗಳಲ್ಲಿ ತಲೆಗೆ ಕೊಟ್ಟ ವಿಕಿರಣ ಸಾಲದಾಯಿತು, ಅನೇಕ ಮಕ್ಕಳು ತೀರಿಕೊಂಡರು. ಆ ಸೋಲುಗಳನ್ನು ತಂಡ ಮುಚ್ಚಿಡಲಿಲ್ಲ. ಅವನ್ನೇ ಮುಂದಿಟ್ಟುಕೊಂಡು ಮುಂದಿನ ಅಧ್ಯಯನ ಹೆಣೆಯಿತು.

1960ರ ದಶಕದ ಕೊನೆಗೆ ನಡೆದ ಐದನೆಯ ಅಧ್ಯಯನದಲ್ಲಿ ತಲೆಗೆ 2,400 ರ‍್ಯಾಡ್ ವಿಕಿರಣವನ್ನೂ ಬೆನ್ನುಹುರಿಯ ದ್ರವಕ್ಕೆ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ನನ್ನೂ ಕೊಟ್ಟರು. ಬಳಿಕ ಎರಡು ಮೂರು ವರ್ಷ ಗುಳಿಗೆಗಳ ಚಿಕಿತ್ಸೆ. ಮಿದುಳಿನಲ್ಲಿ ರೋಗ ಮರಳುವುದು ಬಹುಮಟ್ಟಿಗೆ ನಿಂತಿತು. ಚಿಕಿತ್ಸೆ ಪಡೆದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ವರ್ಷಗಳು ಉರುಳಿದರೂ ರೋಗಮುಕ್ತರಾಗಿ ಉಳಿದರು. ಮಿದುಳಿಗೆ ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸುವ ಇನ್ನೊಂದು ಅಧ್ಯಯನ ನಡೆಸಿ ಈ ಫಲವನ್ನು ಗಟ್ಟಿ ಮಾಡಿಕೊಂಡರು. ಮಕ್ಕಳ ಲುಕೇಮಿಯಾ ಗುಣವಾಗುವ ರೋಗ ಎಂದು 1970ರ ದಶಕದ ಆರಂಭದಲ್ಲಿ ಸಂಸ್ಥೆ ಹೇಳಿದಾಗ ಮೊದಲಿಗೆ ನಂಬಿದವರು ಕಡಿಮೆ. 1972ರಲ್ಲಿ ಪಿಂಕೆಲ್ ಮತ್ತು ಕ್ಯಾನ್ಸರ್ ಔಷಧಿ ಚಿಕಿತ್ಸೆಯ ಇತರ ಮುಂದಾಳುಗಳಿಗೆ ಲಾಸ್ಕರ್ ಪ್ರಶಸ್ತಿ ಸಂದಿತು. ಮರುವರ್ಷ ಪಿಂಕೆಲ್ ಮೆಂಫಿಸ್ ಬಿಟ್ಟರು. 2022ರಲ್ಲಿ, 95ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇಂದು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಾಗಲಿ ಮುಂಬೈನ ಟಾಟಾ ಆಸ್ಪತ್ರೆಯಲ್ಲಾಗಲಿ ಲುಕೇಮಿಯಾದ ಮಗುವಿಗೆ ಸಿಗುವ ಚಿಕಿತ್ಸೆಯ ಒಟ್ಟು ಕಟ್ಟು ಇದೇ ಪರಂಪರೆಯದು: ಮೊದಲ ಕೆಲವು ವಾರಗಳ ತೀವ್ರ ಔಷಧಿ, ಬೆನ್ನಿಗೆ ಇಂಜೆಕ್ಷನ್, ಆಮೇಲೆ ವರ್ಷಗಟ್ಟಲೆ ಮನೆಯಲ್ಲೇ ನುಂಗುವ ಗುಳಿಗೆ.

ತನ್ನ ಚಿಕಿತ್ಸೆಯನ್ನೇ ತಿದ್ದಿದ ಸಂಸ್ಥೆ

ಗುಣವಾದ ಮಕ್ಕಳು ದೊಡ್ಡವರಾದರು. ತಲೆಗೆ ವಿಕಿರಣ ಪಡೆದವರಲ್ಲಿ ಕೆಲವರಿಗೆ ಕಲಿಕೆ ಕಷ್ಟವಾಯಿತು, ಎತ್ತರ ಕುಂದಿತು, ಕೆಲವರಲ್ಲಿ ವರ್ಷಗಳ ನಂತರ ಮಿದುಳಿನ ಗಡ್ಡೆಗಳು ಕಾಣಿಸಿಕೊಂಡವು. ಜೀವ ಉಳಿಸಿದ್ದೇ ಸಾಕೆಂದು ಸಂಸ್ಥೆ ಕೈಕಟ್ಟಿ ಕೂರಲಿಲ್ಲ. ವಿಕಿರಣದ ಪ್ರಮಾಣ ಹಂತ ಹಂತವಾಗಿ ತಗ್ಗಿತು, ಯಾರಿಗೆ ಬೇಡವೋ ಅವರಿಗೆ ನಿಂತಿತು. ಕೊನೆಗೆ ಚಿಂಗ್-ಹಾನ್ ಪುಯಿ ನೇತೃತ್ವದ ಹದಿನೈದನೆಯ ಅಧ್ಯಯನದಲ್ಲಿ ಯಾವ ಮಗುವಿಗೂ ಮುಂಜಾಗ್ರತೆಯ ವಿಕಿರಣ ಕೊಡದೆ, ಬೆನ್ನಿನ ಇಂಜೆಕ್ಷನ್ ಮತ್ತು ಔಷಧಿಗಳಲ್ಲೇ ಮಿದುಳನ್ನು ಕಾಯ್ದರು. 498 ಮಕ್ಕಳ ಈ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಐದು ವರ್ಷದ ನಂತರ ಬದುಕಿದ್ದವರು ಶೇ. 93.5. ನಾಲ್ಕು ದಶಕಗಳ ಹಿಂದೆ ತನಗೆ ಕೀರ್ತಿ ತಂದ ಅಸ್ತ್ರವನ್ನು ಸಂಸ್ಥೆಯೇ ಕೆಳಗಿಟ್ಟಿತ್ತು.

2007ರಲ್ಲಿ ಶುರುವಾದ ‘ಸೇಂಟ್ ಜೂಡ್ ಲೈಫ್’ ಅಧ್ಯಯನ ಇಲ್ಲಿ ಚಿಕಿತ್ಸೆ ಪಡೆದು ಬದುಕುಳಿದವರನ್ನು ಮತ್ತೆ ಮತ್ತೆ ಮೆಂಫಿಸ್‌ಗೆ ಕರೆಸಿ ಹೃದಯ, ಶ್ವಾಸಕೋಶ, ಕಿವಿ, ನೆನಪಿನ ಶಕ್ತಿ ಎಲ್ಲವನ್ನೂ ಪರೀಕ್ಷಿಸುತ್ತದೆ. ಹಳೆಯ ರೋಗಿಗಳ ದೇಹ ಹೇಳುವ ಸಂಗತಿಯಿಂದಲೇ ಹೊಸ ರೋಗಿಗಳ ಔಷಧಿಯ ಪ್ರಮಾಣ ತೀರ್ಮಾನವಾಗುತ್ತದೆ.

ಔಷಧಿಯ ಅಳತೆಯ ಕೆಲಸ ವಂಶವಾಹಿಯ ಮಟ್ಟಕ್ಕೂ ಇಳಿಯಿತು. 6-ಮರ್ಕ್ಯಾಪ್ಟೊಪ್ಯೂರಿನ್ನನ್ನು ದೇಹ ನಿಭಾಯಿಸಲು ಟಿಪಿಎಂಟಿ ಎಂಬ ಕಿಣ್ವ ಬೇಕು. ಸುಮಾರು 300 ಜನರಲ್ಲಿ ಒಬ್ಬರಿಗೆ ಆ ಕಿಣ್ವ ಇರುವುದೇ ಇಲ್ಲ, ಅಂಥ ಮಗುವಿಗೆ ಮಾಮೂಲಿ ಪ್ರಮಾಣದ ಗುಳಿಗೆಯೇ ವಿಷವಾಗಬಲ್ಲದು. ವಿಲಿಯಂ ಇವಾನ್ಸ್ ಮತ್ತು ಮೇರಿ ರೆಲಿಂಗ್ ನೇತೃತ್ವದಲ್ಲಿ ನಡೆದ ಕೆಲಸದಿಂದ, ರಕ್ತ ಪರೀಕ್ಷೆ ಮಾಡಿ ಅಂಥ ಮಕ್ಕಳಿಗೆ ಪ್ರಮಾಣವನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸುವ ಕ್ರಮ ರೂಢಿಗೆ ಬಂತು. ಎನ್‌ಯುಡಿಟಿ15 ಎಂಬ ಇನ್ನೊಂದು ವಂಶವಾಹಿಯಲ್ಲಿನ ವ್ಯತ್ಯಾಸವೂ ಇದೇ ಗುಳಿಗೆಯನ್ನು ತಾಳಿಕೊಳ್ಳದಂತೆ ಮಾಡುತ್ತದೆ ಎಂದು ಜುನ್ ಯಾಂಗ್ ತಂಡ 2015ರಲ್ಲಿ ಲುಕೇಮಿಯಾದ ಮಕ್ಕಳಲ್ಲಿ ತೋರಿಸಿತು. ಏಷ್ಯಾದ ಜನರಲ್ಲಿ ಈ ವ್ಯತ್ಯಾಸ ಹೆಚ್ಚಾಗಿರುವುದರಿಂದ ಭಾರತದ ಮಕ್ಕಳ ವೈದ್ಯರಿಗೂ ಇದು ದಿನನಿತ್ಯದ ಉಪಯೋಗದ ತಿಳಿವಳಿಕೆ.

2010ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೊತೆ ಸೇರಿ 600 ಮಕ್ಕಳ ಕ್ಯಾನ್ಸರ್ ಕಣಗಳ ಜೀನೋಮನ್ನೂ ಅವರ ಆರೋಗ್ಯವಂತ ಕಣಗಳ ಜೀನೋಮನ್ನೂ ಪೂರ್ತಿ ಓದುವ ಯೋಜನೆಯನ್ನು ಸಂಸ್ಥೆ ಕೈಗೊಂಡಿತು. ದೊರೆತ ಮಾಹಿತಿಯನ್ನು ಜಗತ್ತಿನ ಸಂಶೋಧಕರಿಗೆ ಉಚಿತವಾಗಿ ತೆರೆದಿಟ್ಟಿತು. ಮಿದುಳಿನ ಕಾಂಡದಲ್ಲಿ ಹುಟ್ಟುವ ಡಿಐಪಿಜಿ ಎಂಬ ಗಡ್ಡೆಯ ಮೂಲದಲ್ಲಿರುವ ಒಂದು ವಂಶವಾಹಿ ಬದಲಾವಣೆ ಹೀಗೆ ಬೆಳಕಿಗೆ ಬಂತು. ಆ ಗಡ್ಡೆ ಬಂದ ಮಕ್ಕಳಲ್ಲಿ ಬಹುತೇಕರು ಇಂದಿಗೂ ಉಳಿಯುತ್ತಿಲ್ಲ. ಲುಕೇಮಿಯಾದ ಗೆಲುವಿನ ಪಕ್ಕದಲ್ಲಿ ಈ ಸೋಲನ್ನೂ ಬರೆಯಲೇಬೇಕು.

ಡಿಗ್ಸ್ ಅವರ ಕನಸಿನ ಇನ್ನೊಂದು ಅರ್ಧ

ರಕ್ತರೋಗ ತಜ್ಞ ಡಿಗ್ಸ್ ಆಸೆಪಟ್ಟಂತೆ ಸಿಕಲ್ ಸೆಲ್ ರೋಗದ ಕೆಲಸ ಮೊದಲಿನಿಂದಲೂ ನಡೆದಿದೆ. ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ಬಾಗುವ ಈ ವಂಶಪಾರಂಪರ್ಯ ರೋಗ ಅಮೆರಿಕದ ಕರಿಯ ಕುಟುಂಬಗಳಲ್ಲಿ ಹೆಚ್ಚು. ನಮ್ಮ ಚಾಮರಾಜನಗರದ ಕಾಡಂಚಿನ ಸೋಲಿಗರಲ್ಲೂ ಇದೆ. ಲುಕೇಮಿಯಾ ಮತ್ತು ಸಿಕಲ್ ಸೆಲ್ ಎರಡೂ ಇದ್ದ ಬಾಲಕಿಯೊಬ್ಬಳಿಗೆ ಸೇಂಟ್ ಜೂಡ್ ವೈದ್ಯರು ಲುಕೇಮಿಯಾಕ್ಕಾಗಿ ಮಜ್ಜೆ ಕಸಿ ಮಾಡಿದರು. ಹೊಸ ಮಜ್ಜೆಯಿಂದ ಎರಡೂ ರೋಗಗಳು ಹೋದವು. 1984ರಲ್ಲಿ ಪ್ರಕಟವಾದ ಆ ವರದಿ, ಸಿಕಲ್ ಸೆಲ್ ರೋಗವನ್ನು ಬೇರುಸಹಿತ ಗುಣಪಡಿಸಬಹುದು ಎಂಬುದಕ್ಕೆ ಮೊದಲ ಸಾಕ್ಷಿ.

ಹರಕೆ ಹೊತ್ತು ಆಸ್ಪತ್ರೆ ಕಟ್ಟಿಸಿದ ಡ್ಯಾನಿ ಥಾಮಸ್ 1991ರ ಫೆಬ್ರವರಿ 6ರಂದು, ಆಸ್ಪತ್ರೆಯ 29ನೆಯ ವಾರ್ಷಿಕೋತ್ಸವ ಮುಗಿದು ಎರಡೇ ದಿನಕ್ಕೆ ತೀರಿಕೊಂಡರು. ಅವರ ಸಮಾಧಿ ಆಸ್ಪತ್ರೆಯ ಆವರಣದಲ್ಲೇ ಇದೆ.

ಮೆಂಫಿಸ್ ದಾಟಿದ ಮೇಲೆ

ಬಿಲ್ ಇಲ್ಲದಿರುವುದು, ಉಳಿಯಲು ಜಾಗವಿರುವುದು, ಊಟ ಸಿಗುವುದು ಚಿಕಿತ್ಸೆಯ ಭಾಗವೇ ಎಂಬುದಕ್ಕೆ ಅಂಕಿಗಳ ಸಾಕ್ಷಿ ದೊರೆತದ್ದು ಅಮೆರಿಕದಲ್ಲಲ್ಲ, ಬ್ರೆಜಿಲ್‌ನ ರೆಸಿಫೆ ನಗರದಲ್ಲಿ. 1980ರ ದಶಕದಲ್ಲಿ ಅಲ್ಲಿ ಲುಕೇಮಿಯಾದ ಮಕ್ಕಳಲ್ಲಿ ಶೇ. 16ರಷ್ಟು ಮಂದಿ ಚಿಕಿತ್ಸೆಯನ್ನು ನಡುವೆಯೇ ಬಿಟ್ಟುಹೋಗುತ್ತಿದ್ದರು. ಸೇಂಟ್ ಜೂಡ್ ಜೊತೆಗೂಡಿ ಅಲ್ಲಿನ ವೈದ್ಯರು ಮಕ್ಕಳ ಕ್ಯಾನ್ಸರ್‌ಗೆ ಪ್ರತ್ಯೇಕ ವಿಭಾಗ ಕಟ್ಟಿದರು, ಸಿಬ್ಬಂದಿಗೆ ತರಬೇತಿ ಕೊಟ್ಟರು, ದೂರದ ಕುಟುಂಬಗಳಿಗೆ ವಸತಿ ಮತ್ತು ಬಸ್ ಖರ್ಚಿನ ವ್ಯವಸ್ಥೆ ಮಾಡಿದರು. 2002ರ ಹೊತ್ತಿಗೆ ಚಿಕಿತ್ಸೆ ಬಿಡುವವರ ಪ್ರಮಾಣ ಶೇ. 0.5ಕ್ಕೆ ಇಳಿಯಿತು. ರೋಗ ಮರುಕಳಿಸದೆ ಐದು ವರ್ಷ ದಾಟಿದವರು ಶೇ. 32ರಿಂದ 63ಕ್ಕೆ ಏರಿದರು.

ರಾಯಚೂರಿನಿಂದಲೋ ಬೀದರಿನಿಂದಲೋ ಬೆಂಗಳೂರಿಗೆ ಮಗುವನ್ನು ಕರೆತರುವ ಕುಟುಂಬಕ್ಕೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಳಿಗೆಯ ಬೆಲೆ ಕಡಿಮೆ. ಎರಡು ವರ್ಷಕ್ಕೂ ಮೀರಿ ನಡೆಯುವ ಓಡಾಟ, ತಪ್ಪುವ ಕೂಲಿ, ಮನೆಯಲ್ಲಿ ಉಳಿದ ಇನ್ನೊಂದು ಮಗುವಿನ ಚಿಂತೆ, ಇವೇ ಚಿಕಿತ್ಸೆಯನ್ನು ಮುರಿಯುತ್ತವೆ.

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರು ಕ್ಯಾನ್ಸರ್‌ಗೆ ಗುರಿಯಾಗುತ್ತಾರೆ. ಶ್ರೀಮಂತ ದೇಶಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ, ಅನೇಕ ಬಡ ದೇಶಗಳಲ್ಲಿ 30 ಮಂದಿಯೂ ಇಲ್ಲ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೇಂಟ್ ಜೂಡ್ ನೆರವಿನಿಂದ ಮಕ್ಕಳ ಕ್ಯಾನ್ಸರ್‌ಗಾಗಿ ಜಾಗತಿಕ ಕಾರ್ಯಕ್ರಮ ಆರಂಭಿಸಿ, 2030ರೊಳಗೆ ಎಲ್ಲೆಡೆ ಕನಿಷ್ಠ ಶೇ. 60 ಮಕ್ಕಳು ಬದುಕುಳಿಯಬೇಕೆಂಬ ಗುರಿ ಇಟ್ಟುಕೊಂಡಿತು. ಔಷಧಿ ಸಿಗದೆ, ಸಿಕ್ಕರೂ ಗುಣಮಟ್ಟದ್ದಾಗಿರದೆ ಮಕ್ಕಳು ಸಾಯುವುದನ್ನು ತಪ್ಪಿಸಲು 2021ರಲ್ಲಿ ಸೇಂಟ್ ಜೂಡ್ 20 ಕೋಟಿ ಡಾಲರ್ ಮೀಸಲಿಟ್ಟು, ಪರೀಕ್ಷಿತ ಔಷಧಿಗಳನ್ನು ಒಟ್ಟಾಗಿ ಕೊಂಡು ಉಚಿತವಾಗಿ ಹಂಚುವ ವೇದಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ಕಟ್ಟಿತು. 2025ರ ಫೆಬ್ರವರಿಯಲ್ಲಿ ಮೊದಲ ಕಂತು ಮಂಗೋಲಿಯಾ ಮತ್ತು ಉಜ್ಬೇಕಿಸ್ತಾನದ ಆಸ್ಪತ್ರೆಗಳಿಗೆ ಹೊರಟಿತು. ಆ ಬಳಿಕದ ಸರದಿಯಲ್ಲಿದ್ದವು ಎಕ್ವಡಾರ್, ಜೋರ್ಡಾನ್, ನೇಪಾಳ ಮತ್ತು ಜಾಂಬಿಯಾ. ಅಲ್ಲಿಂದ ಮುಂದಿನ ಐದರಿಂದ ಏಳು ವರ್ಷಗಳಲ್ಲಿ 50 ದೇಶಗಳ 1,20,000 ಮಕ್ಕಳನ್ನು ತಲುಪುವುದು ವೇದಿಕೆಯ ಗುರಿ.